ಲಾಭ, ಎರಡು, ಮೂರು: ನಮ್ಮೂರ ಮಕ್ಕಳ ಬಸ್ಸು

ಕಳೆದ ರಜೆಯಲ್ಲಿ ಬಂದಾಗ ನಿಮ್ಮಲ್ಲಿ ದೊಡ್ಡವನು ನನ್ನನ್ನು ಕೇಳಿದ: “ಅಜ್ಜಿ, ತಮ್ಮ ತಂಗಿ ಎಲ್ಲರನ್ನೂ ಹೆಸರಿಡಿದು ಕರೀತೀಯ. ನನ್ನ ಮಾತ್ರ ದೊಡ್ಡೋನೇ ಅಂತೀಯ. ನಂಗೆ ಹೆಸರಿಲ್ವಾ?”

ನಾನು ನಕ್ಕು ಒಲೆಯ ಕಡೆ ತಿರುಗಿಕೊಂಡೆ. ಎದುರಿಗೆ ಕೂತು ಹೇಳುವುದು ನನಗೆ ಎಂದೂ ಬಂದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನ ಪ್ರಶ್ನೆಗೆ ಉತ್ತರ ಇರುವುದು ನಮ್ಮೂರ ಮಕ್ಕಳ ಬಸ್ಸಿನಲ್ಲಿ. ಬಸ್ಸು ನಡೆಸಿದ ಕಥೆಯನ್ನೆಲ್ಲ ಹೇಳುವುದಿಲ್ಲ. ಒಂದು ಶನಿವಾರದಿಂದ ಮರು ಶನಿವಾರದವರೆಗೆ ನಡೆದದ್ದಷ್ಟೇ ಹೇಳುತ್ತೇನೆ.

ನಮ್ಮೂರ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಆರರಿಂದ ಹತ್ತರವರೆಗೆ ದೇವಸಮುದ್ರಕ್ಕೆ ಹೋಗಬೇಕು. ಸರ್ಕಾರಿ ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ಅಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಗಂಡುಮಕ್ಕಳು ಸಿಕ್ಕಿದ ಟ್ರ್ಯಾಕ್ಟರು, ಬೈಕು ಹತ್ತಿ ಹೇಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮನೆಯಲ್ಲಿ ಉಳಿಯುತ್ತಿದ್ದರು. ಚಳ್ಳಕೆರೆಯ ಒಂದು ಖಾಸಗಿ ಶಾಲೆಯವರು ತಮ್ಮ ಹಳೆಯ ಸಣ್ಣ ಬಸ್ಸನ್ನು ನಮ್ಮೂರಿಗೆ ಕೊಟ್ಟ ಮೇಲೆ ಹಾಗೆ ಮನೆಯಲ್ಲಿ ಉಳಿಯುವುದು ನಿಂತಿತು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾಗಿ ಊರಿಗೆ ಬಂದಿದ್ದ ಡ್ರೈವರಣ್ಣ ಸಂಬಳವಿಲ್ಲದೆ ಓಡಿಸಲು ಒಪ್ಪಿದರು. ಚಳ್ಳಕೆರೆಯ ಗ್ಯಾರೇಜಿನ ಮಿಸ್ತ್ರಿ ಸಾಹೇಬರು ಕೂಲಿ ಕೇಳದೆ ರಿಪೇರಿ ಮಾಡುತ್ತಿದ್ದರು, ಗಾಡಿ ಓಡಿಸಲು ಯೋಗ್ಯ ಎಂದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸುವ ಓಡಾಟವನ್ನೂ ಅವರೇ ಹೊತ್ತುಕೊಂಡಿದ್ದರು. ಬಾಗಿಲ ಹತ್ತಿರ ನಿಂತು ಮಕ್ಕಳನ್ನು ನೋಡಿಕೊಳ್ಳಲು ನಾವು ನಾಲ್ಕು ಜನ ಹೆಂಗಸರು ಪಾಳಿ ಹಾಕಿಕೊಂಡೆವು.

ಬಸ್ಸು ನಿಲ್ಲುತ್ತಿದ್ದುದು ನಮ್ಮ ಮನೆ ಪಕ್ಕದ ಬೇವಿನ ಮರದ ಕೆಳಗೆ. ಹಾಗಾಗಿ ಅದರ ಕೀಲಿ ನಮ್ಮ ಮನೆಯ ಮೊಳೆಗೆ ಬಂತು. ಕೀಲಿ ಯಾರ ಮನೆಯಲ್ಲಿರುತ್ತದೋ ಜವಾಬ್ದಾರಿಯೂ ಅವರದೇ ಆಗಿಬಿಡುತ್ತದೆ. ಯಾವ ದಿನ ಯಾರ ಪಾಳಿ, ಡೀಸೆಲ್ ಎಷ್ಟಿದೆ, ಯಾವ ಮಗುವಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಎಲ್ಲವನ್ನೂ ಜನ ನನ್ನನ್ನೇ ಕೇಳತೊಡಗಿದರು. ಬೆಳಿಗ್ಗೆ ಎದ್ದು ಬಸ್ಸಿನೊಳಗೆ ಕಸ ಗುಡಿಸಿ, ರೇಡಿಯೇಟರಿಗೆ ನೀರು ಸುರಿದು, ಮಕ್ಕಳು ಹತ್ತಿದ ಮೇಲೆ ಹಿಂದಿನ ಸೀಟಿನವರೆಗೆ ನಡೆದು ಎಣಿಸಬೇಕು. ಡ್ರೈವರಣ್ಣನ ಬೆನ್ನ ಹಿಂದೆ ಒಂದು ಸ್ಲೇಟು ನೇತುಹಾಕಿದ್ದೆವು. ಬೆಳಗಿನ ಸಂಖ್ಯೆಯನ್ನು ಅದರ ಮೇಲೆ ಬರೆಯಬೇಕು. ಸಂಜೆ ಎಣಿಸಿದಾಗ ಅದೇ ಸಂಖ್ಯೆ ಬಂದರೆ ಬಸ್ಸು ಬಿಡಬೇಕು. ಬೇರೆ ಹೆಂಗಸರು “ರೈಟ್!” ಎಂದು ಕೂಗುತ್ತಿದ್ದರು. ನನಗೆ ನಾಚಿಕೆ. ನಾನು ಬಸ್ಸಿನ ತಗಡನ್ನು ಎರಡು ಸಲ ತಟ್ಟುತ್ತಿದ್ದೆ. ಡ್ರೈವರಣ್ಣ ನಗುತ್ತಿದ್ದರು: “ಅಕ್ಕನ ಪಾಳಿ ಇದ್ದ ದಿನ ನಾನು ಬಸ್ ಓಡ್ಸಲ್ಲ, ತಮಟೆ ಕೇಳ್ತೀನಿ.”

ಎಣಿಸುವ ಪದ್ಧತಿ ತಂದವಳು ನಾನೇ. ಮೊದಲ ವಾರದಲ್ಲೇ ದೇವಸಮುದ್ರದ ಹೆಡ್‌ಮಿಸ್ ಒಂದು ಹಾಜರಿ ಪುಸ್ತಕ ಕೊಟ್ಟು, “ಅಮ್ಮ, ಎರಡೂ ಹೊತ್ತು ಹೆಸರು ಕೂಗಿ ಟಿಕ್ ಹಾಕ್ರಿ” ಎಂದಿದ್ದರು. ಮನೆಗೆ ಬಂದು ಪುಸ್ತಕ ತೆರೆದೆ. ಅಚ್ಚುಕಟ್ಟಾಗಿ ಅಕ್ಷರಮಾಲೆಯ ಪ್ರಕಾರ ಹೆಸರು ಬರೆದಿದ್ದರು. ಅದರ ನಡುವೆ ನಿಮ್ಮ ತಾತನ ಹೆಸರು ಮೂರು ಸಲ ಇತ್ತು. ನಮ್ಮ ಸೀಮೆಯಲ್ಲಿ ನಾಯಕನಹಟ್ಟಿ ದೇವರಿಗೆ ಹರಕೆ ಹೊತ್ತು ಮಗನಿಗೆ ಆ ಹೆಸರಿಡದ ಮನೆ ಕಡಿಮೆ. ನಮ್ಮ ಬಸ್ಸಿನಲ್ಲಿ ಆರನೆಯದರಲ್ಲೊಬ್ಬ, ಎಂಟನೆಯದರಲ್ಲೊಬ್ಬ, ಹತ್ತನೆಯದರಲ್ಲೊಬ್ಬ.

ಗಂಡನ ಹೆಸರು ಹೇಳಬಾರದು ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು. ಅವರಿದ್ದಾಗಲೂ ಹೇಳಲಿಲ್ಲ, ಹೋದ ಮೇಲೂ ಹೇಳಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡನ್ನು ಮುಂದೆ ಹಿಡಿಯುತ್ತಿದ್ದೆ. ಬ್ಯಾಂಕಿನಲ್ಲಿ ಕೇಳಿದರೆ ಹಿಂದೆ ನಿಂತವರ ಕೈಲಿ ಹೇಳಿಸುತ್ತಿದ್ದೆ. ಆ ಹೆಸರನ್ನು ದಿನಾ ಎರಡು ಹೊತ್ತು, ಮೂರು ಮೂರು ಸಲ, ಬಸ್ಸು ತುಂಬ ಮಕ್ಕಳ ಮುಂದೆ ಕೂಗುವುದೆಂದರೆ! ಪುಸ್ತಕವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಉಳಿದ ಹೆಂಗಸರಿಗೆ, “ಹೆಸರು ಕೂಗ್ತಾ ಕುಂತ್ರೆ ಹೊತ್ತಾಗುತ್ತೆ, ಎಣಿಸಿದ್ರೆ ಸಾಕು” ಎಂದೆ. ಎಲ್ಲರೂ ಹೌದೆಂದರು. ನಾನು ಆಡುವ ಮಾತು ಕಡಿಮೆಯಾದ್ದರಿಂದ ಆಡಿದ್ದನ್ನು ಜನ ನಂಬುತ್ತಿದ್ದರು.

ಎಣಿಸುವುದರಲ್ಲೂ ನಮ್ಮದೇ ಒಂದು ರೀತಿ. ಕಣದಲ್ಲಿ ಕಾಳು ಅಳೆಯುವಾಗ ನಾವು ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತೇವೆ. ಮಕ್ಕಳನ್ನು ಬರಿದೇ ಒಂದು, ಎರಡು ಎಂದು ಎಣಿಸಿದರೆ ದೃಷ್ಟಿ ತಾಗೀತು ಎಂಬ ಅಳುಕು ಎಲ್ಲರಿಗೂ ಇತ್ತು. ಹಾಗಾಗಿ ಅವರನ್ನೂ ಕಾಳಿನ ಹಾಗೆಯೇ ಲಾಭದಿಂದ ಎಣಿಸಿದೆವು.

ಆ ಶನಿವಾರ ಶಾಲೆಯವರು ಮಕ್ಕಳನ್ನು ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಕರೆದೊಯ್ಯುವವರಿದ್ದರು. ಹತ್ತನೆಯವರಿಗೆ ಪರೀಕ್ಷೆ ಹತ್ತಿರ ಬಂದಿತ್ತು. ದೇವರಿಗೆ ಕೈಮುಗಿದು ಬರಲಿ ಎಂದು ಅವರನ್ನೂ ಸೇರಿಸಿದ್ದರು. ನಮ್ಮೂರ ಮಕ್ಕಳು ನಮ್ಮ ಬಸ್ಸಿನಲ್ಲಿ ನೇರ ಬೆಟ್ಟದ ಬುಡಕ್ಕೆ ಹೋಗುವುದು, ಬೇರೆ ಊರಿನವರು ಬೇರೆ ಗಾಡಿಗಳಲ್ಲಿ ಬರುವುದು, ಮೇಷ್ಟ್ರುಗಳು ಅಲ್ಲಿ ಸೇರುವುದು ಎಂದು ಮಾತಾಗಿತ್ತು. ಆ ದಿನದ ಪಾಳಿ ರಾಯದುರ್ಗದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಹೆಂಗಸಿನದು. ಅವಳ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು ಅತ್ತಾ ಎಂದು ಕರೆಯುತ್ತಾಳೆ. ಬೆಟ್ಟಕ್ಕೆ ಒಬ್ಬಳು ಸಾಲದು ಎಂದು ನಾನೂ ಹತ್ತಿದೆ. ಬೆಳಿಗ್ಗೆ ಅವಳು ಎಣಿಸಿ ಸ್ಲೇಟಿನ ಮೇಲೆ ಇಪ್ಪತ್ತೇಳು ಎಂದು ಬರೆದಳು.

ಬೆಟ್ಟದ ಮೇಲೆ ಮಕ್ಕಳು ಸಂತೋಷದಿಂದಲೇ ಇದ್ದರು. ಮೇಷ್ಟ್ರು ಅಶೋಕನ ಕಾಲದ ಬಂಡೆಯ ಅಕ್ಷರ ತೋರಿಸುತ್ತಿದ್ದರೆ ಒಬ್ಬ, “ಸಾರ್, ಅಶೋಕ ಈ ಮೆಟ್ಲು ಹತ್ತಿ ಬಂದಿದ್ನಾ?” ಎಂದ. “ಆಗ ಮೆಟ್ಲು ಎಲ್ಲಿದ್ವೋ?” ಎಂದರು ಮೇಷ್ಟ್ರು. “ಹಂಗಾದ್ರೆ ಅವನೇ ಬರ್ದಿಲ್ಲ ಬಿಡ್ರಿ, ಕೆಳಗೆ ಕುಂತು ಬರ್ಸವ್ನೆ” ಎಂದ ಹುಡುಗ. ಎಲ್ಲರೂ ನಕ್ಕರು.

ಇಳಿದು ಬರುವಾಗಲೂ ಬಿಸಿಲು ಬೆನ್ನು ಸುಡುತ್ತಿತ್ತು. ಬಸ್ಸು ಹತ್ತುತ್ತಿದ್ದಂತೆ ಒಂದು ಮಗು ವಾಂತಿ ಮಾಡಿಕೊಂಡಿತು. ರಾಯದುರ್ಗದವಳು ಅದನ್ನು ಹಿಡಿದುಕೊಂಡು ಹಿಂದಿನ ಸೀಟಿಗೆ ಹೋದಳು. ಡ್ರೈವರಣ್ಣ ಕೂಗಿದರು: “ಅಕ್ಕ, ಬೇಗ ನೋಡ್ರಿ. ಸೆಲ್ಫ್ ಹಿಡೀತಿಲ್ಲ. ಇಳಿಜಾರಲ್ಲಿ ಬಿಟ್ಟು ಸ್ಟಾರ್ಟ್ ಮಾಡೀನಿ, ಈಗ ಆಫ್ ಮಾಡಂಗಿಲ್ಲ.” ನಾನು ಮುಂದಿನಿಂದ ಎಣಿಸುತ್ತ ಹೋದೆ. ಲಾಭ, ಎರಡು, ಮೂರು. ಇಪ್ಪತ್ತೇಳು ಬಂತು. ಸ್ಲೇಟಿನಲ್ಲೂ ಇಪ್ಪತ್ತೇಳು. ತಗಡನ್ನು ಎರಡು ಸಲ ತಟ್ಟಿದೆ.

ಊರಿಗೆ ಬಂದಾಗ ನಾಲ್ಕೂವರೆ ಇರಬಹುದು. ಮಕ್ಕಳು ಇಳಿದು ಚದುರಿದರು. ಕೊನೆಯ ಮಗುವೂ ಇಳಿಯಿತು. ಬೇವಿನ ಮರದ ಕೆಳಗೆ ಒಬ್ಬಳು ತಾಯಿ ಮಾತ್ರ ನಿಂತೇ ಇದ್ದಳು. ಕುರಿ ಸಾಕುವವರ ಮನೆಯವಳು. ಅವಳ ಮಗಳು ಆರನೇ ತರಗತಿ, ಮಾತಿಲ್ಲದ ಹುಡುಗಿ, ಒಂದು ರೀತಿಯಲ್ಲಿ ನನ್ನ ಹಾಗೆ. ಇದ್ದರೂ ತಿಳಿಯುವುದಿಲ್ಲ, ಇಲ್ಲದಿದ್ದರೂ ತಿಳಿಯುವುದಿಲ್ಲ. ಪಕ್ಕದಲ್ಲಿ ಕೂರುವ ಗೆಳತಿ ಅಂದು ಬಂದಿರಲಿಲ್ಲ.

“ನಮ್ಮ ಹುಡ್ಗಿ ಎಲ್ಲಿ ದೊಡ್ಡವ್ವ?”

“ನಿದ್ದೆ ಹೋಗಿರಬೇಕು ಕಣವ್ವ” ಎನ್ನುತ್ತ ಬಸ್ಸು ಹತ್ತಿದೆ. ಸೀಟಿನ ಮೇಲೆ ನೋಡಿದೆ, ಬಗ್ಗಿ ಸೀಟಿನ ಕೆಳಗೆ ನೋಡಿದೆ. ಕಡಲೆಕಾಯಿ ಸಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಮುಂದಿನಿಂದ ನೋಡಿದೆ. ಎರಡನೆಯ ಸಲ ನೋಡಿದರೆ ಇರುತ್ತಾಳೆ ಎನ್ನುವ ಹಾಗೆ.

ಹುಡುಗಿಯ ಅಪ್ಪ ಪಕ್ಕದ ಮನೆಯವನನ್ನು ಹಿಂದೆ ಕೂರಿಸಿಕೊಂಡು ಬೈಕು ತಿರುಗಿಸಿದ. ಮೇಷ್ಟ್ರ ಫೋನು ಸಿಗಲಿಲ್ಲ. ಬೆಟ್ಟದ ಸುತ್ತ ಕರಡಿಗಳಿವೆ ಎಂದು ಯಾರೋ ಅಂದರು, ಇನ್ಯಾರೋ ಅವರ ಬಾಯಿ ಮುಚ್ಚಿಸಿದರು. ತಾಯಿ ಬಸ್ಸು ಹತ್ತಿ ಕೂತಳು. “ನಡೀರಿ” ಎಂದಳು. ಡ್ರೈವರಣ್ಣ ಅಭ್ಯಾಸಬಲದಿಂದ ಇಂಜಿನ್ ಆಫ್ ಮಾಡಿಬಿಟ್ಟಿದ್ದರು. ಸೆಲ್ಫ್ ಟಕ್ ಎಂದಿತು, ಅಷ್ಟೇ. ಊರಿನ ಗಂಡಸರು ಸೇರಿ ನೂಕಿದರು. ಮೂರನೆಯ ನೂಕಿಗೆ ಹೊಗೆ ಕಾರಿ ಹೊರಟಿತು. ತಾಯಿ, ನಾನು, ರಾಯದುರ್ಗದವಳು, ಡ್ರೈವರಣ್ಣ, ನಾಲ್ಕೇ ಜನ.

ಕೆರೆ ಏರಿಯ ಮೇಲೆ ಬಸ್ಸು ಎರಡು ಸಲ ಕೆಮ್ಮಿತು. ನಿಂತಿತು.

ಡ್ರೈವರಣ್ಣ ಮಿಸ್ತ್ರಿ ಸಾಹೇಬರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟು ತಾವು ಬಾನೆಟ್ ಎತ್ತಿದರು. ಸಾಹೇಬರು ಎಲ್ಲ ಕೇಳಿ, “ಅಮ್ಮಾ, ಗಾಬ್ರಿ ಆಗಬ್ಯಾಡ್ರಿ. ಡೀಸೆಲ್ ತಳಕ್ಕೆ ಹೋಗೈತೆ, ಏರಿ ಓರೆಗೆ ಪೈಪು ಗಾಳಿ ಎಳ್ಕಂಡೈತೆ. ಹಿಂದಿನ ಸೀಟಿನ ಕೆಳಗೆ ಕ್ಯಾನ್ ಇಟ್ಟೀನಿ, ಅದನ್ನ ಸುರೀರಿ. ಫಿಲ್ಟರ್ ಮೇಲೆ ಸಣ್ಣ ಸ್ಕ್ರೂ ಐತೆ, ಅಣ್ಣ ಸಡ್ಲ ಮಾಡ್ಲಿ. ಪಕ್ಕದಾಗೆ ಕೈಪಂಪು, ನೀವು ಒತ್ತುತಾ ಇರ್ರಿ. ಮೊದ್ಲು ನೊರೆ ಬರ್ತೈತೆ. ನೊರೆ ನಿಂತು ಬರೀ ಡೀಸೆಲ್ ಬರೋ ತನಕ ಕೈ ಬಿಡಬ್ಯಾಡ್ರಿ. ಅಲ್ಲಾ ದೊಡ್ಡೋನು, ಮಗು ಸಿಗ್ತೈತೆ” ಎಂದರು.

ನಾನು ಒತ್ತತೊಡಗಿದೆ. ಸ್ಕ್ರೂವಿನ ಬಾಯಲ್ಲಿ ಸೋಪಿನ ನೊರೆಯಂಥ ನೊರೆ. ಇಂಜಿನ್ನಿನ ಕಾವು ಮುಖಕ್ಕೆ ಹೊಡೆಯುತ್ತಿತ್ತು. ತಾಯಿ ಇಳಿದು ಬಂದು ಏರಿಯ ಕಲ್ಲಿನ ಮೇಲೆ ಕೂತಳು. ಬಿಸಿಲು ಇಳಿಯುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಎಣಿಸಿದ್ರಾ ದೊಡ್ಡವ್ವ?”

“ಎಣಿಸಿದೆ ಕಣವ್ವ.”

“ಎಷ್ಟು ಬಂತು?”

“ಇಪ್ಪತ್ತೇಳು.”

“ಬೆಳಿಗ್ಗೆ?”

“ಇಪ್ಪತ್ತೇಳೇ.”

“ಮತ್ತೆ ನನ್ನ ಮಗಳನ್ನ ಯಾವ ಲೆಕ್ಕಕ್ಕೆ ಬಿಟ್ರಿ?”

ರಾಯದುರ್ಗದವಳು ನನ್ನ ಪಕ್ಕದಲ್ಲಿ ನಿಂತು ಬೆರಳು ಮಡಚುತ್ತ ತನಗೆ ತಾನೇ ಎಣಿಸಿಕೊಳ್ಳುತ್ತಿದ್ದಳು. “ನಾನು ಸರಿಯಾಗೇ ಎಣಿಸೀನಿ ಅತ್ತಾ. ಒಬ್ಬೊಬ್ಬರ ತಲೆ ಮುಟ್ಟೀನಿ. ಲಾಭ, ಒಂದು, ಎರಡು…”

ನನ್ನ ಕೈ ಪಂಪಿನ ಮೇಲೆ ನಿಂತುಹೋಯಿತು.

“ಲಾಭ ಆದ್ಮೇಲೆ ಎರಡಲ್ವೇನೇ?”

“ಲಾಭಂ ದೇವುಡಿದಿ ಕದಾ ಅತ್ತಾ. ಅದು ದೇವ್ರ ಸೇರು. ನಮ್ಮವ್ವನ ಮನೇಲಿ ಅದನ್ನ ಪಕ್ಕಕ್ಕೆ ಸುರಿದು ಆಮೇಲೆ ಒಂದು ಅಂತೀವಿ.”

ಅವಳ ತವರಿನಲ್ಲಿ ಮೊದಲ ಸೇರು ದೇವರಿಗೆ. ಅದು ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮಲ್ಲಿ ಲಾಭವೆಂದರೆ ಒಂದು. ಬೆಳಿಗ್ಗೆ ಹತ್ತಿದ್ದವರು ಇಪ್ಪತ್ತೆಂಟು ಮಕ್ಕಳು. ಮೊದಲ ಮಗುವನ್ನು ದೇವರ ಪಾಲಿಗೆ ಬಿಟ್ಟು ಅವಳು ಇಪ್ಪತ್ತೇಳು ಎಂದು ಬರೆದಳು. ಸಂಜೆ ನಾನು ಇಪ್ಪತ್ತೇಳನ್ನೇ ಎಣಿಸಿ ಸರಿಯಾಯಿತು ಎಂದುಕೊಂಡೆ. ಯಾವಾಗಲೂ ಪಾಳಿಯವಳೇ ಎರಡೂ ಹೊತ್ತು ಎಣಿಸುತ್ತಿದ್ದಳು. ಅವಳ ಬೆಳಗಿನ ತಪ್ಪಿಗೆ ಅವಳ ಸಂಜೆಯ ತಪ್ಪು ಹೊಂದಿಕೊಂಡು ಎಲ್ಲ ಸರಿಯಾಗಿ ಕಾಣುತ್ತಿತ್ತು. ನಮ್ಮಿಬ್ಬರ ಎಣಿಕೆ ಒಂದೇ ದಿನ ಎದುರುಬದುರಾದದ್ದು ಅಂದೇ ಮೊದಲು.

“ಪಂಪ್ ನಿಲ್ಲಿಸ್ಬ್ಯಾಡ್ರಿ ಅಕ್ಕ, ನೊರೆ ಇನ್ನೂ ಬರ್ತೈತೆ” ಎಂದರು ಡ್ರೈವರಣ್ಣ.

ಒತ್ತಿದೆ. ಹೆಬ್ಬೆರಳಿನ ಚರ್ಮ ಸುಲಿದಿದ್ದು ಗೊತ್ತಾಗಲಿಲ್ಲ. ಕೊನೆಗೆ ನೊರೆ ನಿಂತು ತೆಳ್ಳಗೆ ಡೀಸೆಲ್ ಹರಿಯಿತು. ಅಣ್ಣ ಸ್ಕ್ರೂ ಬಿಗಿದರು. ಮುಂದೆ ಏರಿಯ ಇಳಿಜಾರಿತ್ತು. ನಾವು ಮೂವರು ಹೆಂಗಸರು ಹಿಂದಿನಿಂದ ನೂಕಿದೆವು. ತಾಯಿಯ ಭುಜ ನನ್ನ ಭುಜಕ್ಕೆ ತಾಗಿತ್ತು. ಇಂಜಿನ್ ಹಿಡಿಯಿತು.

ದೇವಸಮುದ್ರ ದಾಟಿ ಸ್ವಲ್ಪ ದೂರ ಹೋದ ಮೇಲೆ ಎದುರಿಗೆ ಬೈಕು ಬಂತು. ಇಬ್ಬರು ಗಂಡಸರ ನಡುವೆ ನೀಲಿ ಯೂನಿಫಾರಂ ಕಂಡಿತು. ಬಸ್ಸು ನಿಲ್ಲುವ ಮೊದಲೇ ತಾಯಿ ಹಾರಿದಳು.

ಹುಡುಗಿ ಬಂಡೆಯ ಹತ್ತಿರ ಮರೆತ ನೀರಿನ ಬಾಟಲಿ ತರಲು ಯಾರಿಗೂ ಹೇಳದೆ ಮತ್ತೆ ಮೆಟ್ಟಿಲು ಹತ್ತಿದ್ದಳಂತೆ. ಇಳಿದು ಬಂದರೆ ಬಸ್ಸಿಲ್ಲ. ಬುಡದಲ್ಲಿ ಕಾಯಿ ಮಾರುವ ಮುದುಕಿ ಮನೆಗೆ ಕರೆದರೂ ಹೋಗದೆ, ಬಸ್ಸು ನಿಂತಿದ್ದ ಜಾಗದಲ್ಲೇ ಒಂದು ಕಲ್ಲಿನ ಮೇಲೆ ಕೂತಿದ್ದಳಂತೆ. ಅವ್ವನ ಸೆರಗು ಹಿಡಿದುಕೊಂಡೇ ನನ್ನನ್ನು ನೋಡಿದಳು. ಅವಳು ನನ್ನೊಂದಿಗೆ ತಾನಾಗಿ ಆಡಿದ ಮೊದಲ ಮಾತು ಅದು.

“ನೀವು ಎಣಿಸ್ತೀರಲ್ಲ ಅಜ್ಜಿ. ಒಂದು ಕಡ್ಮೆ ಬಂದ್ರೆ ವಾಪಸ್ ಬರ್ತೀರ ಅಂತ ಅಲ್ಲೇ ಕುಂತಿದ್ದೆ.”

ಅವಳಪ್ಪ ನನ್ನ ಕಡೆ ನೋಡಲಿಲ್ಲ. ಡ್ರೈವರಣ್ಣನಿಗೆ ಮಾತ್ರ, “ಇನ್ಮೇಲೆ ನನ್ನ ಮಗಳು ಬರಲ್ಲ” ಎಂದ.

ಭಾನುವಾರ ಬೇವಿನ ಮರದ ಕೆಳಗೆ ಊರು ಸೇರಿತು. ಬಸ್ಸು ನಿಲ್ಲಿಸಿ ಎಂದರು ಕೆಲವರು. ಪರೀಕ್ಷೆ ಮುಗಿಯುವ ತನಕವಾದರೂ ಓಡಲಿ ಎಂದರು ಕೆಲವರು. ಆಮೇಲೆ ಒಬ್ಬ ಹಿರಿಯರು, “ಗಡಿ ಆಚೆಯೋಳಿಗೆ ನಮ್ಮ ಲೆಕ್ಕ ಹೆಂಗೆ ತಿಳೀಬೇಕು? ಅವಳ ಕೈಗೆ ಕೊಟ್ಟಿದ್ದೇ ತಪ್ಪು” ಎಂದರು. ಎಲ್ಲರೂ ಅದನ್ನು ಹಿಡಿದುಕೊಂಡರು. ತಪ್ಪು ಯಾರದೆಂದು ಗೊತ್ತಾದರೆ ಜನಕ್ಕೆ ಒಂದು ನೆಮ್ಮದಿ. ಅವಳು ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನ ಟ್ರಂಕಿನಲ್ಲಿ ಹಾಜರಿ ಪುಸ್ತಕವಿತ್ತು. ಹೆಸರು ಕೂಗಿದ್ದರೆ ಅವಳ ಲಾಭಕ್ಕೂ ನನ್ನ ಲಾಭಕ್ಕೂ ಜಾಗವೇ ಇರುತ್ತಿರಲಿಲ್ಲ. ಅದನ್ನು ಬಲ್ಲವಳು ನಾನೊಬ್ಬಳೇ. ನಾನು ಸುಮ್ಮನಿದ್ದೆ. ಹುಟ್ಟಿದಾಗಿನಿಂದ ನನ್ನ ನಾಚಿಕೆಯನ್ನು ಜನ ಒಳ್ಳೆಯ ಗುಣ ಎಂದು ಹೊಗಳಿದ್ದಾರೆ. ಅಂದು ಅದು ಒಳ್ಳೆಯ ಗುಣವಾಗಿರಲಿಲ್ಲ.

ಸೋಮವಾರ ಬಸ್ಸು ಹೊರಡಲಿಲ್ಲ. ಸುರಕ್ಷತೆಗೆ ಏನು ಮಾಡಿದಿರಿ ಎಂದು ತಿಳಿಯುವವರೆಗೆ ಶಾಲೆಗೆ ತರಬೇಡಿ ಎಂದು ಹೆಡ್‌ಮಿಸ್ ಕೂಡ ಹೇಳಿ ಕಳಿಸಿದ್ದರು. ಹತ್ತನೆಯ ತರಗತಿಗೆ ನಮ್ಮೂರಿನಿಂದ ಒಂಬತ್ತು ಮಕ್ಕಳು, ಅದರಲ್ಲಿ ಆರು ಹೆಣ್ಣು. ಮೊದಲ ದಿನ ನಾಲ್ವರು ಒಂದು ಆಟೋದಲ್ಲಿ ಹೋದರು. ಮಂಗಳವಾರ ಇಬ್ಬರು. ಬುಧವಾರ ಒಬ್ಬಳನ್ನು ಅಕ್ಕನ ಬಾಣಂತನಕ್ಕೆ ಆಸರೆಯಾಗಲಿ ಎಂದು ಅಕ್ಕನ ಊರಿಗೆ ಕಳಿಸಿದರು. ಇನ್ನೊಬ್ಬಳು ಹುಣಸೆ ಬಿಡಿಸುವ ಕೂಲಿಗೆ ಹೋಗುವುದನ್ನು ನಮ್ಮ ಬಾಗಿಲಿನಿಂದ ನೋಡಿದೆ. ಅವಳು ನಿಂತು, “ಅಜ್ಜಿ, ಗಣಿತ ರಿವಿಜನ್ ನಡೀತೈತಂತೆ. ಬಸ್ ಯಾವಾಗ?” ಎಂದಳು.

ನಾಲ್ಕು ದಿನವೂ ಬೆಳಿಗ್ಗೆ ಎದ್ದು ಬಸ್ಸಿನೊಳಗೆ ಗುಡಿಸಿದೆ. ಗುಡಿಸಲು ಏನೂ ಇರಲಿಲ್ಲ. ಸ್ಲೇಟಿನ ಮೇಲೆ ಇಪ್ಪತ್ತೇಳು ಹಾಗೇ ಇತ್ತು. ಒರೆಸಲು ನನಗೆ ಧೈರ್ಯವಿರಲಿಲ್ಲ.

ಶುಕ್ರವಾರ ಡ್ರೈವರಣ್ಣ ಬಂದು ಜಗಲಿಯ ತುದಿಯಲ್ಲಿ ಕೂತರು. “ಕೀಲಿ ಕೊಡ್ರಿ ಅಕ್ಕ. ಚಳ್ಳಕೆರೆಗೆ ವಾಪಸ್ ಬಿಟ್ಟು ಬರ್ತೀನಿ. ನಿಂತ ಬಸ್ಸು ಹಾಳಾಗೋಗುತ್ತೆ, ಇನ್ಯಾರಿಗಾದ್ರೂ ಆಗ್ಲಿ.”

ನಾನು ಒಳಗೆ ಹೋದೆ. ಕೀಲಿ ಮೊಳೆಯಲ್ಲಿತ್ತು. ಅದರ ಕೆಳಗೆ ಟ್ರಂಕು. ಕೀಲಿಗೆ ಚಾಚಿದ ಕೈ ಟ್ರಂಕಿಗೆ ಹೋಯಿತು. ಪುಸ್ತಕ ತೆಗೆದುಕೊಂಡು ಹೊರಗೆ ಬಂದು, “ನಾಳೆ ಮಧ್ಯಾಹ್ನದವರೆಗೆ ಇರ್ಲಿ ಅಣ್ಣ” ಎಂದೆ. ಅವರು ಪುಸ್ತಕ ನೋಡಿದರು, ಕೀಲಿ ತೆಗೆದುಕೊಳ್ಳದೆ ಎದ್ದರು.

ಹೆಡ್‌ಮಿಸ್‌ಗೆ ಫೋನು ಮಾಡಿದೆ. ಅವರು ಬೈಯಲಿಲ್ಲ. “ಮೊದಲೇ ಹೇಳಿದ್ನಲ್ಲಮ್ಮ, ಹೆಸರು ಕೂಗ್ರಿ ಅಂತ. ಈಗ ನಾನೊಬ್ಬಳು ಒಪ್ಪಿದ್ರೆ ಆಗಲ್ಲ. ಆ ಹುಡುಗಿಯ ಅಪ್ಪ ಒಪ್ಪಿದ್ರೆ ಬಸ್ಸು ತರ್ರಿ” ಎಂದರು.

ಆಮೇಲೆ ರಾಯದುರ್ಗದವಳ ಮನೆಗೆ ಹೋದೆ. ಅವಳು ಹುಣಸೆ ಕುಟ್ಟುತ್ತಿದ್ದಳು. ಮುಖ ಎತ್ತಲಿಲ್ಲ. “ತಪ್ಪು ನಿಂದಲ್ಲ, ನಂದು” ಎಂದು ಪುಸ್ತಕದ ವಿಷಯ ಹೇಳಿದೆ. ಅವಳು ಸುತ್ತಿಗೆ ಕೆಳಗಿಟ್ಟಳು. “ಐದು ದಿನ ಆಯ್ತು ಅತ್ತಾ. ಈಗ ಹೇಳ್ತೀರಾ?” ಎಂದಳು. ನಾನು ಹೊರಟಾಗ ಅವಳೂ ಎದ್ದು ನನ್ನ ಹಿಂದೆ ಬಂದಳು.

ಹುಡುಗಿಯ ಅಪ್ಪ ಕುರಿಹಟ್ಟಿಯ ಮುಂದೆ ಮರಿಗಳನ್ನು ತಾಯಿಗೆ ಬಿಡುತ್ತಿದ್ದ. ನಾನು ಪುಸ್ತಕ ಚಾಚಿ, ಇನ್ನು ಎಣಿಸುವುದಿಲ್ಲ, ಎರಡೂ ಹೊತ್ತು ಹೆಸರು ಕೂಗುತ್ತೇನೆ ಎಂದೆ.

“ನಮ್ಮ ಹಟ್ಟೀಲಿ ಕುರಿ ಎಣ್ಸಲ್ಲ ದೊಡ್ಡವ್ವ” ಎಂದ ಅವನು, ಮರಿಯನ್ನು ಕೆಳಗಿಡದೆ. “ಒಂದೊಂದನ್ನೂ ಗುರ್ತು ಹಿಡಿದು ಒಳಗೆ ಬಿಡ್ತೀವಿ. ಎಣ್ಸೋನಿಗೆ ಲೆಕ್ಕ ಸಿಗುತ್ತೆ, ಕುರಿ ಸಿಗಲ್ಲ.” ಆಮೇಲೆ ನನ್ನನ್ನು ನೋಡಿದ. “ನೀವು ಹೆಸರು ಕೂಗ್ತೀರಾ? ಈ ಊರಾಗೆ ನಿಮ್ಮ ದನಿ ಕೇಳಿದೋರು ಯಾರವ್ರೆ?”

ಆಗ ಹೇಳಿದೆ. ಪುಸ್ತಕದಲ್ಲಿ ಒಂದು ಹೆಸರು ಮೂರು ಸಲ ಇದೆ, ಅದು ನನ್ನ ಬಾಯಿಗೆ ಬರುವುದಿಲ್ಲ, ಅದಕ್ಕೇ ಬಚ್ಚಿಟ್ಟೆ, ಅದಕ್ಕೇ ನಿನ್ನ ಮಗಳು ಬೆಟ್ಟದಲ್ಲಿ ಉಳಿದಳು ಎಂದು. ಹೇಳಿ ಮುಗಿಸುವಾಗ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. ಅವಳೂ ಅವನ ಹೆಸರು ಹೇಳುವವಳಲ್ಲ.

“ಬೆಳಿಗ್ಗೆ ಬರ್ತೀನಿ” ಎಂದ ಅವನು. “ಮಗಳನ್ನ ಹತ್ಸಕ್ಕಲ್ಲ. ಕೇಳಕ್ಕೆ.”

ಶನಿವಾರ ಬೆಳಗಿನ ಶಾಲೆ. ಸೂರ್ಯ ಹುಟ್ಟುವ ಹೊತ್ತಿಗೆ ಬೇವಿನ ಮರದ ಕೆಳಗೆ ಹದಿನಾಲ್ಕು ಮಕ್ಕಳು ಬಂದಿದ್ದರು. ಮಿಸ್ತ್ರಿ ಸಾಹೇಬರು ಹಿಂದಿನ ದಿನವೇ ಬೇರೆ ಸೆಲ್ಫ್ ಮೋಟಾರು ಕಳಿಸಿದ್ದರಿಂದ ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹುಡುಗಿಯ ಅಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತ. ಹಿಂದೆ ಹುಡುಗಿ, ಯೂನಿಫಾರಂ ಹಾಕಿದ್ದಳು, ಬ್ಯಾಗು ಇರಲಿಲ್ಲ. ಊರಿನ ನಾಲ್ಕಾರು ಜನ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ರಾಯದುರ್ಗದವಳು ಪೆನ್ಸಿಲ್ ಹಿಡಿದು ನನ್ನ ಪಕ್ಕದಲ್ಲಿ ನಿಂತಳು. ಟಿಕ್ ಹಾಕುವವಳು ಅವಳೇ ಆಗಬೇಕು ಎಂದು ನಾನು ಹಟ ಮಾಡಿದ್ದೆ.

ಅನಿತಾ ಎಂದೆ. “ಕೇಳಲ್ಲ ಅಜ್ಜಿ!” ಎಂದರು ಹಿಂದಿನವರು. ಮತ್ತೆ ಕೂಗಿದೆ. ಬರದಿದ್ದವರ ಹೆಸರನ್ನೂ ಕೂಗಿ, ಸ್ವಲ್ಪ ತಡೆದು, ಮುಂದಕ್ಕೆ ಹೋದೆ. ಕ ಮುಗಿಯಿತು. ಗ ಮುಗಿಯಿತು. ಜ ಮುಗಿಯಿತು. ಮುಂದಿನ ಸಾಲಿಗೆ ಬಂದು ನಿಂತೆ. ರಾಯದುರ್ಗದವಳು ಪೆನ್ಸಿಲಿನಿಂದ ಆ ಸಾಲನ್ನು ಮುಟ್ಟಿ ತೋರಿಸಿದಳು, ನನಗೆ ಕಾಣಿಸುತ್ತಿಲ್ಲವೇನೋ ಎನ್ನುವ ಹಾಗೆ. ತರಗತಿ ಸೇರಿಸಿ ಕೂಗಬೇಕೆಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಬಾಯಿ ತೆರೆದಾಗ ಅದು ಮರೆತುಹೋಗಿತ್ತು. ಬರಿದೇ ಹೆಸರು ಬಂತು.

“ತಿಪ್ಪೇಸ್ವಾಮಿ!”

“ಇದ್ದೀನಜ್ಜಿ!” ಎಂದು ಮೂರು ಕಡೆಯಿಂದ ಮೂರು ದನಿ ಒಟ್ಟಿಗೆ ಬಂದವು. ಒಂದು ಎಳೆಯದು, ಒಂದು ಒಡೆಯುತ್ತಿದ್ದ ದನಿ, ಒಂದು ಆಗಲೇ ಗಂಡಸಿನದು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ರಾಯದುರ್ಗದವಳು ಮೂರು ಸಾಲಿಗೂ ಟಿಕ್ ಹಾಕಿದಳು.

ದೊಡ್ಡೋನೇ, ಇಲ್ಲಿ ಬರೆಯುವಾಗಲೂ ನನ್ನ ಕೈ ಸ್ವಲ್ಪ ನಿಂತಿತು. ಆಮೇಲೆ ಪರೀಕ್ಷೆ ಮುಗಿಯುವವರೆಗೆ ದಿನಾ ಎರಡು ಹೊತ್ತು ಆ ಹೆಸರು ಕೂಗಿದೆ. ಒಂಬತ್ತರಲ್ಲಿ ಏಳು ಮಕ್ಕಳು ಪರೀಕ್ಷೆ ಬರೆದರು. ಅಕ್ಕನ ಬಾಣಂತನಕ್ಕೆ ಹೋದವಳು ಮತ್ತು ಹುಣಸೆ ಬಿಡಿಸಲು ಹೋದವಳು ಬರೆಯಲಿಲ್ಲ. ಅವರ ಹೆಸರನ್ನೂ ಕೊನೆಯ ದಿನದವರೆಗೆ ಕೂಗುತ್ತಿದ್ದೆ. ಬಸ್ಸಿನಲ್ಲಿ ಕೂಗಿದ್ದು ಬೇರೆ. ಮನೆಯೊಳಗೆ, ನಿನ್ನ ಮುಖ ನೋಡಿ, ನಿನಗಿಟ್ಟಿರುವ ಅವರ ಹೆಸರು ಹಿಡಿದು ಕರೆಯಲು ಇನ್ನೂ ಆಗಿಲ್ಲ.

ಆ ಬೆಳಿಗ್ಗೆ ಪುಸ್ತಕದ ಕೊನೆಯ ಸಾಲಿಗೆ ಬಂದಾಗ ಡ್ರೈವರಣ್ಣ ಗೇರಿನ ಮೇಲೆ ಕೈಯಿಟ್ಟು, “ಮುಗೀತಾ ಅಕ್ಕ? ಹೊರಡಾನಾ?” ಎಂದರು.

“ತಡೀರಿ ಅಣ್ಣ. ಇನ್ನೊಂದು ಹೆಸರೈತೆ” ಎಂದೆ. ಬಸ್ಸಿನೊಳಗೆ ಆ ಹೆಸರಿನವರು ಯಾರೂ ಇರಲಿಲ್ಲ. ಆದರೂ ಕೂಗಿದೆ.

“ಹೇಮಾವತಿ.”

ಇಂಜಿನ್ ಸದ್ದು ಮಾತ್ರ. ನಾನು ಮುಂದಕ್ಕೆ ಹೋಗಲಿಲ್ಲ, ಪುಸ್ತಕವನ್ನೂ ಮುಚ್ಚಲಿಲ್ಲ. ಇನ್ನೊಂದು ಸಲ ಕೂಗಿದೆ. ಕೆಳಗೆ ನೆಲದಿಂದ, ಅಪ್ಪನ ಬೆನ್ನ ಹಿಂದಿನಿಂದ, ಬಹಳ ಸಣ್ಣ ದನಿಯೊಂದು ಬಂತು.

“ಇದ್ದೀನಿ.”

ಅವಳಪ್ಪ ತಿರುಗಿ ಮಗಳನ್ನು ನೋಡಿದ. ಕಟ್ಟಿದ ಕೈ ಬಿಚ್ಚಿದ.

“ಬ್ಯಾಗ್ ತಗಂಬಾ ಹೋಗು” ಎಂದ. “ಓಡು. ಬಸ್ಸು ಕಾಯ್ತೈತೆ.”